ಗುರುಮಲ್ಲಪ್ಪನವರಿಗೆ ಬಾಗಿದ ಮರಸೇಬು

1989ನೇ ಇಸವಿ ಏಪ್ರಿಲ್ 11, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಛತ್ರಿ ಅಂಗಡಿಯ ಗುರುಮಲ್ಲಪ್ಪನವರಿಗೆ ಒಂದು ಮರ ತಲೆಬಾಗಿತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಅವರು ಕೂಡಲೇ ಅಂಗಡಿಯೊಳಕ್ಕೆ ಓಡಿ, ಗೋಡೆ ಗಡಿಯಾರ ನೋಡಿ, ಬಾಗಿಲಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರು. ಆಗ ಅವರಿಗೆ ಐವತ್ತನಾಲ್ಕು ವರ್ಷ. ಅಷ್ಟು ವರ್ಷಗಳಲ್ಲಿ ಊರಿನ ಯಾವ ಮರವೂ, ನಿನ್ನೆ ಮೊನ್ನೆ ನೆಟ್ಟ ಸಸಿ ಕೂಡ, ಅವರತ್ತ ಬಾಗಿರಲಿಲ್ಲ.

ನಮ್ಮೂರಲ್ಲಿ ಪ್ರತಿ ಮನೆಯ ಮುಂದೆ ಒಂದು ಸೇಬಿನ ಮರವೋ ಮರಸೇಬಿನ ಮರವೋ ಇದೆ. ತಾವು ಗೌರವಿಸುವವರು ಹಾದುಹೋದಾಗ ಈ ಮರಗಳು ರೆಂಬೆಯ ತುದಿಯನ್ನು ಅವರತ್ತ ಬಾಗಿಸುತ್ತವೆ, ಅವರು ದಾಟಿದ ಮೇಲೆ ನೆಟ್ಟಗಾಗುತ್ತವೆ. ನಾನು ಅಳೆದ ಇನ್ನೂರ ಹದಿನಾರು ನಮಸ್ಕಾರಗಳಲ್ಲಿ ಅತಿ ದೀರ್ಘವಾದದ್ದು ಹನ್ನೊಂದು ಸೆಕೆಂಡು. ಅದು ಸೂಲಗಿತ್ತಿ ಹೊನ್ನಮ್ಮನಿಗೆ ಸಂದದ್ದು. ಊರಿನ ವ್ಯವಹಾರವೆಲ್ಲ ಇದಕ್ಕೆ ಹೊಂದಿಕೊಂಡೇ ನಡೆಯುತ್ತದೆ. ಹೆಣ್ಣು ನೋಡಲು ಬಂದ ಗಂಡನ್ನು ಮೊದಲು ಮರದ ಕೆಳಗೆ ಎರಡು ಸಲ ಓಡಾಡಿಸಿ ಆಮೇಲೆ ಒಳಗೆ ಕರೆಯುತ್ತಾರೆ. ಹೊಸದಾಗಿ ವರ್ಗವಾಗಿ ಬಂದ ಮೇಷ್ಟರು ಮೊದಲ ಒಂದು ತಿಂಗಳು ಹಿತ್ತಿಲ ದಾರಿಯಲ್ಲೇ ಶಾಲೆಗೆ ಹೋಗುತ್ತಾರೆ. ಪುರಸಭೆಗೆ ಮತಪೆಟ್ಟಿಗೆ ಇಲ್ಲ. ಮೂರು ವರ್ಷಕ್ಕೊಮ್ಮೆ ಮೇ ಹದಿನಾಲ್ಕರಂದು ಅಧ್ಯಕ್ಷಗಿರಿಗೆ ನಿಂತವರು ಹಾಲಿನ ಡೈರಿಯಿಂದ ಗಡಿಕಲ್ಲಿನವರೆಗೆ ಪೇಟೆ ಬೀದಿಯಲ್ಲಿ ಒಬ್ಬೊಬ್ಬರಾಗಿ ನಡೆಯುತ್ತಾರೆ. ಗುಮಾಸ್ತರು ಹಿಂದೆ ಹಿಂದೆ ನಡೆದು ಬಾಗಿದ ತುದಿಗಳನ್ನು ಎಣಿಸುತ್ತಾರೆ. ಯಾರಿಗೆ ಹೆಚ್ಚು ತುದಿಗಳು ಬಾಗಿದವೋ ಅವರು ಅಧ್ಯಕ್ಷರು. ಮರಗಳು ಯಾರಿಗೆ ಎಂದೂ ಬಾಗುವುದಿಲ್ಲವೋ ಅವರು ಛತ್ರಿ ಹಿಡಿದು ಓಡಾಡುತ್ತಾರೆ. ಛತ್ರಿಯನ್ನು ಹುಬ್ಬಿನವರೆಗೆ ತಗ್ಗಿಸಿಕೊಂಡರೆ ಮೇಲೆ ಏನಾಯಿತೆಂದು ಕಾಣುವುದಿಲ್ಲ. ಬಾಗಿರಬಹುದು ಎಂದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಹೀಗಾಗಿ ವರ್ಷಕ್ಕೆ ನಲವತ್ತು ದಿನ ಮಾತ್ರ ಮಳೆ ಬೀಳುವ ಊರಿನಲ್ಲಿ ಗುರುಮಲ್ಲಪ್ಪನವರ ವ್ಯಾಪಾರ ಚೆನ್ನಾಗಿಯೇ ನಡೆದಿತ್ತು. ಅವರ ಅಂಗಡಿಯ ಅತಿ ದೊಡ್ಡ ಛತ್ರಿಯನ್ನು ಅವರೇ ಹಿಡಿಯುತ್ತಿದ್ದರು.

ನಾನು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಪದವಿ ಮುಗಿಸಿ ಪುರಸಭೆಯಲ್ಲಿ ಮರಗಳ ಉಸ್ತುವಾರಿ ಕೆಲಸಕ್ಕೆ ಸೇರಿ ಆಗ ಆರು ವರ್ಷವಾಗಿತ್ತು. ಹೆಸರು ತಾರಾಮತಿ, ಊರವರ ಬಾಯಲ್ಲಿ ಗಿಡದ ಡಾಕ್ಟ್ರಮ್ಮ. ನನಗೆ ಮರಗಳು ವರ್ಷಕ್ಕೆ ಸರಾಸರಿ ಎರಡು ಸಲ ಬಾಗುತ್ತವೆ. ಕೈಯಲ್ಲಿ ಕತ್ತರಿ ಇದ್ದ ದಿನ ಬಾಗುವುದಿಲ್ಲ.

ಅಂದು ಎಂಟು ಗಂಟೆಗೆ ನಾನು ಹೋಗುವಷ್ಟರಲ್ಲಿ ಛತ್ರಿ ಅಂಗಡಿಯ ಮುಂದೆ ಜನ ಸೇರಿದ್ದರು. ಅಂಗಡಿಗೆ ನೆರಳಾಗಿದ್ದ ಹಳೆಯ ಮರಸೇಬಿನ ಒಂದು ರೆಂಬೆಯ ತುದಿ ಗುರುಮಲ್ಲಪ್ಪನವರ ಗಲ್ಲಾಪೆಟ್ಟಿಗೆಯ ಕಡೆ ಇಳಿಬಿದ್ದಿತ್ತು.

"ಐವತ್ತು ನಿಮಿಷ ಆಯ್ತು ಡಾಕ್ಟ್ರಮ್ಮ, ಇನ್ನೂ ಎದ್ದಿಲ್ಲ ನೋಡಿ," ಎಂದರು ಗುರುಮಲ್ಲಪ್ಪನವರು. "ಸಾಕು ಅಂತ ಹೇಳೋಕೂ ಮನಸ್ಸು ಬರ್ತಿಲ್ಲ."

ಅವರ ಹೆಂಡತಿ ಸರ್ವಮಂಗಳಮ್ಮ ಪೊರಕೆ ಹಿಡಿದು ಹೊಸಿಲ ಮೇಲೆ ನಿಂತಿದ್ದರು. "ಮೂವತ್ತೊಂದು ವರ್ಷದಿಂದ ಇವ್ರು ಅದರ ಬುಡಕ್ಕೆ ಎಲೆಅಡಿಕೆ ಉಗೀತಾ ಇದಾರೆ. ಅದೇನು ಅಂತ ಬಗ್ಗಿ ನೋಡ್ತಿರಬೇಕು ಅಷ್ಟೆ," ಎಂದರು.

ನಾನು ಹತ್ತಿರ ಹೋಗಿ ನೋಡಿದೆ. ತುದಿ ಕುರುಬರ ಕೋಲಿನ ಕೊಕ್ಕೆಯ ಹಾಗೆ ಮಣಿದಿತ್ತು. ಎಲೆಗಳು ಉದುರಿರಲಿಲ್ಲ, ಆದರೆ ಒಲೆಯ ಪಕ್ಕದಲ್ಲಿ ಇಟ್ಟಂತೆ ಕಪ್ಪಗೆ ಬಾಡಿದ್ದವು. ತೊಗಟೆಯ ಮೇಲೆ ಅಲ್ಲಲ್ಲಿ ಜೇನಿನ ಬಣ್ಣದ ಅಂಟು ಹನಿಗಳು ಒಸರಿ ನಿಂತಿದ್ದವು. ಯಾರೋ "ಮರ ಅಳ್ತಿದೆ" ಎಂದರು. ಇನ್ಯಾರೋ ಅದು ಆನಂದಬಾಷ್ಪ ಎಂದು ತಿದ್ದಿದರು. ಗುರುಮಲ್ಲಪ್ಪನವರು ಜೇಬಿನಿಂದ ಕರ್ಚೀಫು ತೆಗೆದು, ಮಗುವಿನ ಮೂಗು ಒರೆಸುವಷ್ಟು ಮೆತ್ತಗೆ ಆ ಹನಿಗಳನ್ನು ಒರೆಸಿದರು. ನಾನು ಆಗಲೇ ಅವರ ಕೈ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಒಂದು ಹನಿಯನ್ನು ಗಾಜಿನ ಚೂರಿನ ಮೇಲೆ ತೆಗೆದುಕೊಂಡು ಕಚೇರಿಗೆ ಬಂದೆ. ಇದು ನನ್ನ ಮೊದಲ ತಪ್ಪು. ಪುರಸಭೆಗೆ ಕೊಟ್ಟ ವರದಿಯಲ್ಲಿ ಬರೆದಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಪರೀಕ್ಷೆ ಸುಲಭದ್ದು. ಮರಸೇಬಿನ ಹೀಚುಕಾಯಿಯೊಂದನ್ನು ಎರಡು ಹೋಳು ಮಾಡಿ, ಒಂದಕ್ಕೆ ಆ ಹನಿಯನ್ನೂ ಇನ್ನೊಂದಕ್ಕೆ ಬರೀ ನೀರನ್ನೂ ಮುಟ್ಟಿಸಿ, ಒದ್ದೆ ಕಾಗದದ ಮೇಲೆ ಗಾಜಿನ ತಟ್ಟೆಯಲ್ಲಿ ಮುಚ್ಚಿಟ್ಟೆ. ಮೂರನೆಯ ದಿನ ನೀರು ಮುಟ್ಟಿಸಿದ ಹೋಳು ಇದ್ದ ಹಾಗೇ ಇತ್ತು. ಇನ್ನೊಂದರ ಮೇಲೆ ಹಾಲಿನಂಥ ಹನಿಗಳು ಎದ್ದಿದ್ದವು. ಸೂಕ್ಷ್ಮದರ್ಶಕದಲ್ಲಿ ಸಣ್ಣ ಕಡ್ಡಿಗಳಂತೆ ಬ್ಯಾಕ್ಟೀರಿಯಾ ಕಿಕ್ಕಿರಿದಿದ್ದವು. ಪುಸ್ತಕದಲ್ಲಿ ಅದರ ಹೆಸರು ಎರ್ವಿನಿಯಾ ಅಮಿಲೊವೊರ. ಸುಟ್ಟಂತೆ ಕಾಣುವುದರಿಂದ ನಾನು ನನ್ನ ಪುಸ್ತಕದಲ್ಲಿ ಬೆಂಕಿರೋಗ ಎಂದು ಬರೆದುಕೊಂಡೆ. ಅದು ಹೂವಿನಿಂದಲೋ ಎಳೆಯ ಚಿಗುರಿನಿಂದಲೋ ಒಳಗೆ ಹೊಕ್ಕು, ತೊಗಟೆಯ ಕೆಳಗೆ ಕಾಂಡದ ಕಡೆಗೆ ಇಳಿಯುತ್ತದೆ. ಕಾಂಡ ಮುಟ್ಟಿದರೆ ಮರ ಮುಗಿಯಿತು. ಜೇನುನೊಣ, ನೊಣ, ಮಳೆಯ ಹನಿ, ಮನುಷ್ಯರ ಕೈ, ಎಲ್ಲವೂ ಅದನ್ನು ಹೊತ್ತು ತಿರುಗುತ್ತವೆ. ಒಳಗೆ ಹೊಕ್ಕ ಮೇಲೆ ಔಷಧಿ ಇಲ್ಲ. ಕಣ್ಣಿಗೆ ಕಾಣುವ ಕಪ್ಪು ಗೆರೆಯಿಂದ ಮೂವತ್ತು ಸೆಂಟಿಮೀಟರ್ ಕೆಳಗೆ, ಆರೋಗ್ಯವಾಗಿರುವ ಜಾಗದಲ್ಲಿ ರೆಂಬೆ ಕತ್ತರಿಸಬೇಕು, ಪ್ರತಿ ಸಲ ಅಲಗನ್ನು ಸ್ಪಿರಿಟ್ಟಿನಲ್ಲಿ ಅದ್ದಬೇಕು, ಕತ್ತರಿಸಿದ್ದನ್ನು ಸುಡಬೇಕು. ಅಷ್ಟೆ.

ಅಷ್ಟನ್ನು ಮಾಡಲು ನಮ್ಮೂರಲ್ಲಿ ಆಗುವುದಿಲ್ಲ. ಬಾಗಿರುವ ರೆಂಬೆಗೆ ಕತ್ತರಿ ಹಾಕುವಂತಿಲ್ಲ. ಯಾರಿಗೆ ಬಾಗಿದೆಯೋ ಅವರು ಎದುರು ನಿಂತು "ಸಾಕು, ಏಳು" ಎಂದು ಹೇಳಬೇಕು. ಹೇಳಿದ ಮೇಲೂ ಏಳದಿದ್ದರೆ ಮಾತ್ರ ಅದು ಸೌದೆ.

ಗುರುಮಲ್ಲಪ್ಪನವರು ಹೇಳುವ ಸ್ಥಿತಿಯಲ್ಲಿರಲಿಲ್ಲ. ಬಾಗಿದ ಮರ ಮೂರು ದಿನವಾದರೂ ಏಳದಿರುವುದನ್ನು ಊರು ಎಂದೂ ಕಂಡಿರಲಿಲ್ಲ. ಅದಕ್ಕೆ ನಿಂತ ನಮಸ್ಕಾರ ಎಂದು ಹೆಸರಾಯಿತು. ಮನೆಮನೆಯವರು ಅವರನ್ನು ಕಾಫಿಗೆ ಕರೆದರು. ಛತ್ರಿ ಬಿಟ್ಟು ಬರಿತಲೆಯಲ್ಲಿ ಹೋದ ಅವರು, ಕಾಫಿ ಕುಡಿದು ಹೊರಡುವಾಗ ಆ ಮನೆಯ ಮರದ ಚಿಗುರನ್ನು ಅದೇ ಕರ್ಚೀಫಿನಿಂದ ಸವರಿ, "ಚೆನ್ನಾಗಿರಪ್ಪ" ಎಂದು ಹೇಳಿ ಬರುತ್ತಿದ್ದರು. ಹತ್ತು ದಿನದೊಳಗೆ ಆ ಮರವೂ ಬಾಗುತ್ತಿತ್ತು. ಬಾಗಿ, ಏಳದೆ ನಿಲ್ಲುತ್ತಿತ್ತು. ಏಪ್ರಿಲ್ ಮುಗಿಯುವ ಮೊದಲೇ ಅವರು ಅಧ್ಯಕ್ಷಗಿರಿಗೆ ಹೆಸರು ಕೊಟ್ಟರು.

ರೋಗ ಕಂಡ ಮರಗಳನ್ನು ನಾನು ಊರಿನ ನಕ್ಷೆಯಲ್ಲಿ ಕೆಂಪು ಚುಕ್ಕೆಯಿಂದ ಗುರುತಿಸುತ್ತ ಬಂದೆ. ಜೇನುನೊಣ ಹರಡಿದ ರೋಗ ಸುತ್ತಲೂ ಚದುರಿ ಹರಡಬೇಕು. ಇದು ಸೈಕಲ್ ಅಂಗಡಿ ನಾಗಲಿಂಗನ ಮರವನ್ನು ಮಾತ್ರ ಬಿಟ್ಟು ಪೇಟೆ ಬೀದಿಯಲ್ಲಿ ನೆಟ್ಟಗೆ ಹೋಗಿ, ಗುರುಮಲ್ಲಪ್ಪನವರ ನಾದಿನಿಯ ಮನೆಯ ಹತ್ತಿರ ಎಡಕ್ಕೆ ತಿರುಗಿ, ಕಾಫಿ ಚೆನ್ನಾಗಿ ಮಾಡುವ ಮೂರು ಮನೆಗಳನ್ನು ಮುಟ್ಟಿ ಮುಂದೆ ಸಾಗಿತ್ತು. ನಾಗಲಿಂಗನಿಗೂ ಗುರುಮಲ್ಲಪ್ಪನವರಿಗೂ ಒಂಬತ್ತು ವರ್ಷದಿಂದ ಮಾತಿಲ್ಲ. ಜೇನುನೊಣಗಳಿಗೆ ಅಂಥ ಜಗಳ ಇರುವುದಿಲ್ಲ. ನಾನು ನಕ್ಷೆ ಮಡಚಿಟ್ಟು ಕರ್ಚೀಫಿನ ಬಗ್ಗೆ ಯೋಚಿಸಿದೆ.

ನಿಯಮದಂತೆ ಅಧ್ಯಕ್ಷರಿಗೆ ತಿಳಿಸಿದೆ. ಅಚ್ಯುತಮೂರ್ತಿಯವರು ಒಂಬತ್ತು ವರ್ಷದಿಂದ ಆ ಕುರ್ಚಿಯಲ್ಲಿದ್ದವರು. ನಾನು ವಿವರಿಸಿ ಮುಗಿಸುವ ಮೊದಲೇ ಅವರಿಗೆ ಎಲ್ಲ ಅರ್ಥವಾಗಿತ್ತು. "ರೋಗ. ನಾನು ಅಂದ್ಕೊಂಡೇ ಇದ್ದೆ. ಆ ಮನುಷ್ಯನಿಗೆ ಮರ ಬಗ್ಗತ್ತೆ ಅಂದ್ರೆ ಮರಕ್ಕೆ ಹುಷಾರಿಲ್ಲ ಅಂತಲೇ ಅರ್ಥ," ಎಂದು ನಕ್ಕು, ಅಂದೇ ಊರಿಡೀ ಡಂಗುರ ಹೊಡೆಸಿದರು. ವಿಜ್ಞಾನಕ್ಕೆ ಅದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಸಾಧ್ಯವಿರಲಿಲ್ಲ. "ಅಧ್ಯಕ್ಷರ ಕುರ್ಚಿ ಅಲ್ಲಾಡ್ತಿದೆ, ಅದಕ್ಕೇ ಮರಕ್ಕೆ ಜ್ವರ ಬಂದಿದೆ" ಎಂದು ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರು ನಗುತ್ತಿದ್ದರು. ನನ್ನನ್ನು ಕಂಡು, "ಏನ್ ಡಾಕ್ಟ್ರಮ್ಮ, ಅಧ್ಯಕ್ಷರ ಮುಂದೆ ಬಗ್ಗದ ಮರಕ್ಕೆಲ್ಲ ಇಂಜೆಕ್ಷನ್ ಕೊಡ್ತೀರಂತೆ?" ಎಂದು ಕೇಳಿದರು.

ಮೇ 5ರ ಹೊತ್ತಿಗೆ ಚುಕ್ಕೆಗಳು ಹದಿನೇಳಾದವು. ಊರಿನಲ್ಲಿ ಒಟ್ಟು ಆರುನೂರ ನಲವತ್ತು ಮರಗಳಿದ್ದವು. ಮಳೆ ಹಿಡಿದುಕೊಂಡರೆ ಎಷ್ಟು ಉಳಿಯುತ್ತವೆ ಎಂದು ಲೆಕ್ಕ ಹಾಕಿ ನೋಡಿ, ಆ ಹಾಳೆಯನ್ನು ಹರಿದು ಹಾಕಿ, ಹೀಚುಕಾಯಿಯ ಹೊಸ ಹೋಳುಗಳಿದ್ದ ಗಾಜಿನ ತಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ನೇರವಾಗಿ ಛತ್ರಿ ಅಂಗಡಿಗೆ ಹೋದೆ.

ಗುರುಮಲ್ಲಪ್ಪನವರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ಹನಿಗಳು ಎದ್ದ ಹೋಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಪಾಪ, ಕೊಯ್ದು ಡಬ್ಬಿಗೆ ಹಾಕಿದ್ರೂ ನನ್ನ ಮರ್ತಿಲ್ಲ," ಎಂದರು.

ಸರ್ವಮಂಗಳಮ್ಮ ಕಾಫಿ ಲೋಟ ನನ್ನ ಮುಂದಿಟ್ಟರು. "ಹಿಂದುಗಡೆ ರೆಂಬೆ ನೋಡಿದ್ರಾ ಡಾಕ್ಟ್ರಮ್ಮ? ಅದು ಮುನ್ಸಿಪಾಲ್ಟಿ ಕಕ್ಕಸಿಗೆ ಬಗ್ಗಿದೆ. ಅದೂ ಅಧ್ಯಕ್ಷಗಿರಿಗೆ ನಿಲ್ಲತ್ತಾ ಕೇಳಿ ಇವ್ರನ್ನ."

"ನಿನಗೆ ಹೊಟ್ಟೆಕಿಚ್ಚು ಕಣೇ."

"ಹೌದು ಮತ್ತೆ. ಮೂವತ್ತೊಂದು ವರ್ಷ ಬಗ್ಗಿ ಬಗ್ಗಿ ಈ ಅಂಗಡಿ ಗುಡಿಸಿದೀನಿ, ಅದನ್ನ ಯಾವ ಗುಮಾಸ್ತ ಎಣಿಸಿದಾನೆ?" ಎಂದು ಅವರು ಒಳಗೆ ಹೋದರು.

ಹೆಂಡತಿ ಹೋದ ಮೇಲೆ ಗುರುಮಲ್ಲಪ್ಪನವರು ಹೋಳನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟರು. "ನನಗೆ ಗೊತ್ತು ಡಾಕ್ಟ್ರಮ್ಮ," ಎಂದರು.

ನಾನು ತಟ್ಟೆಯನ್ನು ಮುಚ್ಚಿ ಪಕ್ಕಕ್ಕೆ ಸರಿಸಿದೆ.

"ಹೋದ ತಿಂಗಳು ಎರಡು ದಿನ ಸಾಮಾನು ತರೋಕೆ ಪಟ್ಣಕ್ಕೆ ಹೋಗಿದ್ದೆ. ವಾಪಸ್ ಬರ್ತಾ ದೂರದಿಂದಲೇ ನೋಡಿದೆ. ನಾನಿಲ್ದೇ ಇದ್ರೂ ಬಗ್ಗೇ ಇತ್ತು. ನಾನು ಎದುರಿಗೆ ಇದ್ದಾಗ್ಲೇ ಬಗ್ಗದೇ ಇದ್ದದ್ದು, ಇಲ್ದೇ ಇದ್ದಾಗ ಯಾಕೆ ಬಗ್ಗತ್ತೆ? ಆವತ್ತೇ ಗೊತ್ತಾಯ್ತು." ಕರ್ಚೀಫನ್ನು ಜೇಬಿನಿಂದ ತೆಗೆದು ನೋಡಿ, "ಆದ್ರೆ ಈ ಕರ್ಚೀಫಿನ ವಿಚಾರ ದೇವರಾಣೆ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಮೊದಲು ನಾಗಲಿಂಗನ ಮರಕ್ಕೇ ಹೋಗ್ತಿದ್ದೆ," ಎಂದರು.

ಆಮೇಲೆ ಅವರು ಕೇಳಿದ್ದು ಒಂದೇ. ಹದಿನಾಲ್ಕನೇ ತಾರೀಕಿನವರೆಗೆ, ಅಂದರೆ ಇನ್ನು ಒಂಬತ್ತು ದಿನ, ಅಂಗಡಿ ಮುಂದಿನ ಆ ಮೊದಲ ರೆಂಬೆಯನ್ನು ಬಿಡಬೇಕು. "ಗೆಲ್ಲೋದು ಬೇಡ. ಒಂದೇ ಒಂದು ಸಲ ಛತ್ರಿ ಇಲ್ದೆ ಈ ಬೀದೀಲಿ ನಡೀಬೇಕು. ಗುಮಾಸ್ತರು ನನ್ನ ಹೆಸರಿನ ಮುಂದೆ ಒಂದು ಅಂತ ಬರೀಬೇಕು. ಒಂದು ಸಾಕು."

ನಾನು ಹೊರಗೆ ಹೋಗಿ ಅಳೆದೆ. ಕಪ್ಪು ಗೆರೆಯಿಂದ ಕಾಂಡಕ್ಕೆ ಐವತ್ತೆಂಟು ಸೆಂಟಿಮೀಟರ್ ಉಳಿದಿತ್ತು. ಕತ್ತರಿಸಲು ಮೂವತ್ತು ಬೇಕು. ಗೆರೆ ದಿನಕ್ಕೆ ಮೂರು ಸೆಂಟಿಮೀಟರ್ ಇಳಿಯುತ್ತಿತ್ತು. ಒಂಬತ್ತು ದಿನಕ್ಕೆ ಇಪ್ಪತ್ತೇಳು ಹೋದರೆ ಉಳಿಯುವುದು ಮೂವತ್ತೊಂದು.

"ಒಂದು ಸೆಂಟಿಮೀಟರು ಮಿಕ್ಕಿತಲ್ಲ," ಎಂದರು ಗುರುಮಲ್ಲಪ್ಪನವರು. "ನಾವು ಛತ್ರಿ ಬಟ್ಟೆಗೆ ಹೊಲಿಗೆ ಅಂಚು ಬಿಡೋದೂ ಅಷ್ಟೇ."

ಯಾವ ಪುಸ್ತಕವೂ ಒಪ್ಪದ ಈ ಒಪ್ಪಂದಕ್ಕೆ ನಾನು ಒಪ್ಪಿದೆ. ಇದು ನನ್ನ ಎರಡನೆಯ ತಪ್ಪು. ಆದರೆ ಷರತ್ತು ಹಾಕಿದೆ. ಉಳಿದ ಹದಿನಾರು ಮರಗಳಿಗೆ ಅವರು ಅಂದೇ "ಸಾಕು, ಏಳು" ಹೇಳಬೇಕು, ಕರ್ಚೀಫು ಬೆಂಕಿಗೆ ಹೋಗಬೇಕು, ಅಂಗಡಿ ಮುಂದಿನ ರೆಂಬೆಗೆ ಮಳೆಯೂ ನೊಣವೂ ತಾಕದಂತೆ ಮುಚ್ಚಬೇಕು.

ಕರ್ಚೀಫನ್ನು ಸರ್ವಮಂಗಳಮ್ಮ ಇಕ್ಕಳದಲ್ಲಿ ಹಿಡಿದು ತಂದರು. "ಒಗೀಬೇಡ ಅಂತ ತಿಂಗಳಿಂದ ದಿಂಬಿನ ಕೆಳಗಿಟ್ಟುಕೊಂಡು ಮಲಗ್ತಿದ್ರು," ಎಂದು ಒಲೆಗೆ ಹಾಕಿದರು. ಹದಿನಾರು ಮನೆಗಳಲ್ಲಿ ಗುರುಮಲ್ಲಪ್ಪನವರು ಮರದ ಮುಂದೆ ನಿಂತು ಸಾಕು ಎಂದರು, ನಾನು ಮೂರು ಎಣಿಸಿ ಕತ್ತರಿಸಿದೆ. ಕೇಳಿದವರಿಗೆ ಅವರು, "ಒಬ್ಬನಿಗೆ ಇಷ್ಟೊಂದು ಗೌರವ ಯಾಕೆ" ಎಂದುಬಿಟ್ಟರು. ಅದನ್ನು ಕೇಳಿ ಊರಿನಲ್ಲಿ ಅವರ ಮೇಲಿನ ಗೌರವ ಇನ್ನೂ ಹೆಚ್ಚಿತು. ಕಕ್ಕಸಿನ ಕಡೆ ಬಾಗಿದ್ದ ರೆಂಬೆಯದೇ ತೊಡಕಾಯಿತು. ಕಕ್ಕಸು ಪುರಸಭೆಯ ಆಸ್ತಿಯಾದ್ದರಿಂದ ಅದರ ಪರವಾಗಿ ಅಚ್ಯುತಮೂರ್ತಿಯವರೇ ಬಂದು, ಮೂಗಿಗೆ ಶಲ್ಯ ಹಿಡಿದುಕೊಂಡು "ಸಾಕು, ಏಳು" ಎಂದು ಹೇಳಬೇಕಾಯಿತು. ಅದನ್ನು ನೋಡಲು ಸೇರಿದ್ದಷ್ಟು ಜನ ಅವರ ಯಾವ ಭಾಷಣಕ್ಕೂ ಸೇರಿರಲಿಲ್ಲ.

ಅಂಗಡಿ ಮುಂದಿನ ರೆಂಬೆಯ ಮೇಲೆ ಗುರುಮಲ್ಲಪ್ಪನವರು ತಮ್ಮ ದೊಡ್ಡ ಕಪ್ಪು ಛತ್ರಿಯನ್ನು ಬಿಚ್ಚಿ ಕಟ್ಟಿದರು. ಸುತ್ತ ಹಳೆಯ ಸೊಳ್ಳೆಪರದೆ ಇಳಿಬಿಟ್ಟರು. ಮರುದಿನ ಯಾರೋ ಅದರ ಕೆಳಗೆ ಹೂವಿಟ್ಟು ಹೋಗಿದ್ದರು.

ನಾನು ದಿನವೂ ಬೆಳಿಗ್ಗೆ ಏಳಕ್ಕೆ ಪರದೆ ಸರಿಸಿ ಅಳೆದೆ. ಐವತ್ತೈದು, ಐವತ್ತೆರಡು, ನಲವತ್ತೊಂಬತ್ತು, ನಲವತ್ತಾರು. ಒಂಬತ್ತನೇ ತಾರೀಕು ಮಧ್ಯಾಹ್ನ ಮಳೆ ಬಂತು, ಹಿಂದೆಯೇ ಸೆಕೆ ಏರಿತು. ಬ್ಯಾಕ್ಟೀರಿಯಾಗಳಿಗೆ ಅಂಥ ಹವೆ ಬಹಳ ಇಷ್ಟ. ನಲವತ್ತೊಂದು. ಮೂವತ್ತಾರು. ಹನ್ನೆರಡನೇ ತಾರೀಕು ಶುಕ್ರವಾರ ಅಳೆದಾಗ ಮೂವತ್ತೊಂದು. ನಾಳೆಗೆ ಇಪ್ಪತ್ತಾರಾಗುತ್ತದೆ, ಆಗ ಕತ್ತರಿಸಿದರೂ ರೋಗ ಕಾಂಡದಲ್ಲಿ ಉಳಿಯುತ್ತದೆ, ಮರವನ್ನು ಬುಡಸಮೇತ ತೆಗೆಯಬೇಕಾಗುತ್ತದೆ. ನಡಿಗೆಗೆ ಇನ್ನೂ ಎರಡು ದಿನವಿತ್ತು.

ಗುರುಮಲ್ಲಪ್ಪನವರು ನನ್ನ ಅಳತೆಪಟ್ಟಿಯನ್ನು ನಂಬಲಿಲ್ಲ. ಅಂಗಡಿಯ ಟೇಪು ತಂದು ತಾವೇ ಅಳೆದರು. "ಹನ್ನೆರಡೂಕಾಲು ಇಂಚು. ನಿಮ್ಮ ಮೂವತ್ತು ಅಂದ್ರೆ ಎಷ್ಟು?"

"ಹನ್ನೊಂದೂ ಮುಕ್ಕಾಲಿನ ಮೇಲೆ ಒಂದು ಚೂರು."

"ಎರಡು ದಿನ ಅಷ್ಟೇ ಡಾಕ್ಟ್ರಮ್ಮ. ಮರ ಹೋದ್ರೆ ಹೋಗ್ಲಿ, ನನ್ನ ಮರ ತಾನೆ."

"ನಿಮ್ಮದೇ," ಎಂದೆ. "ನೀವು ಹೇಳದೆ ನಾನು ಮುಟ್ಟೋ ಹಾಗಿಲ್ಲ." ಕತ್ತರಿಯನ್ನು ಅಂಗಡಿಯ ಜಗಲಿಯ ಮೇಲಿಟ್ಟು ಕುಳಿತೆ. ಸರ್ವಮಂಗಳಮ್ಮ ಪೊರಕೆ ಹಿಡಿದು ನಿಂತಿದ್ದರು, ಗುಡಿಸಲಿಲ್ಲ.

ಗುರುಮಲ್ಲಪ್ಪನವರು ಪರದೆಯೊಳಗೆ ತಲೆ ಹಾಕಿ ಬಹಳ ಹೊತ್ತು ನಿಂತರು. ಹೊರಗಿನಿಂದ ನೋಡಿದರೆ ಬರೀ ಅವರ ಪಂಚೆ ಮತ್ತು ಕಾಲು ಕಾಣುತ್ತಿದ್ದವು. ಒಳಗಿನಿಂದ ಮಾತು ಕೇಳಿಸಿತು. ಅದು ನಮಗೆ ಹೇಳಿದ್ದೋ ಮರಕ್ಕೋ ಗೊತ್ತಾಗಲಿಲ್ಲ.

"ಐವತ್ತನಾಲ್ಕು ವರ್ಷ ದಿನಾ ಇದರ ಕೆಳಗೆ ಓಡಾಡಿದೀನಿ. ಊರಲ್ಲಿ ಎಲ್ರೂ ಮುಖ ನೋಡಿ ಹೊಗಳ್ತಿದ್ರು, ಸಾಲ ಕೇಳೋನೂ ಹೊಗಳ್ತಿದ್ದ. ಇದು ಒಂದು ದಿನಾನೂ ನನಗೆ ಸುಳ್ಳು ಹೇಳ್ಲಿಲ್ಲ. ಈಗ ಕಾಯಿಲೆ ಬಿದ್ದಿರೋವಾಗ ಹಿಡ್ಕೊಂಡು ಸುಳ್ಳು ಹೇಳಿಸ್ತಿದೀನಲ್ಲ."

ಹೊರಗೆ ಬಂದು ಛತ್ರಿಯ ಕಟ್ಟು ಬಿಚ್ಚಿದರು, ಪರದೆ ತೆಗೆದರು, ಪಂಚೆ ಸರಿಮಾಡಿಕೊಂಡರು. ರೆಂಬೆಯ ಎದುರು ನೆಟ್ಟಗೆ ನಿಂತು, "ಸಾಕು, ಏಳಪ್ಪ," ಎಂದರು.

ಬೇರೆಡೆ ಮೂರು ಎಣಿಸುತ್ತಿದ್ದ ನಾನು ಅಲ್ಲಿ ಹನ್ನೊಂದರವರೆಗೆ ಎಣಿಸಿದೆ. ಮರ ಏಳಲಿಲ್ಲ.

"ಸೌದೆ," ಎಂದು ಹೇಳಿ ಅವರು ಅಂಗಡಿಯೊಳಗೆ ಹೋದರು.

ಅಲಗನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕಾಂಡದಿಂದ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿದೆ. ಕೊಯ್ದ ಜಾಗ ಮೂಲಂಗಿಯಷ್ಟು ಬೆಳ್ಳಗಿತ್ತು, ಎಲ್ಲೂ ಕಂದು ಎಳೆ ಇರಲಿಲ್ಲ. ಅದನ್ನು ಹೇಳಲು ಒಳಗೆ ಹೋದಾಗ ಅವರು ಗೋಡೆಯ ಕಡೆ ಮುಖ ಮಾಡಿ ಛತ್ರಿಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದರು. ಸರ್ವಮಂಗಳಮ್ಮ ಅವರ ಪಕ್ಕದಲ್ಲಿ ನಿಂತು ಒಂದೊಂದೇ ಎತ್ತಿ ಕೊಡುತ್ತಿದ್ದರು.

ಭಾನುವಾರ ಗುರುಮಲ್ಲಪ್ಪನವರು ಹೆಸರು ಹಿಂದೆ ತೆಗೆದುಕೊಳ್ಳಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಛತ್ರಿಯಿಲ್ಲದೆ, ಡೈರಿಯಿಂದ ಗಡಿಕಲ್ಲಿನವರೆಗೆ ನಡೆದರು. ಅಚ್ಯುತಮೂರ್ತಿಯವರು ಆ ದೂರವನ್ನು ಆರು ನಿಮಿಷದಲ್ಲಿ ಮುಗಿಸಿ, ಒಂಬತ್ತು ತುದಿ ಬಾಗಿಸಿಕೊಂಡು ಮತ್ತೆ ಅಧ್ಯಕ್ಷರಾದರು. ಗುರುಮಲ್ಲಪ್ಪನವರಿಗೆ ಹದಿನಾಲ್ಕು ನಿಮಿಷ ಬೇಕಾಯಿತು. ಪ್ರತಿ ಮರದ ಮುಂದೆಯೂ ಕತ್ತೆತ್ತಿ ನೋಡುತ್ತ ನಡೆದರು. ಅವನ್ನೆಲ್ಲ ಅವರು ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. ನಾಗಲಿಂಗನ ಮರವನ್ನು ಮಾತ್ರ ನೋಡಲಿಲ್ಲ. ಒಂದು ತುದಿಯೂ ಬಾಗಲಿಲ್ಲ. ಗುಮಾಸ್ತರು ಸೊನ್ನೆ ಬರೆಯಲು ಹಿಂದೆಮುಂದೆ ನೋಡುತ್ತಿದ್ದಾಗ 'ಬರೀರಿ, ನಾಚಿಕೆ ಯಾಕೆ' ಎಂದು ತಾವೇ ಪುಸ್ತಕ ಹಿಡಿದುಕೊಟ್ಟರು.

ಆ ವರ್ಷ ಹದಿನೆಂಟನೆಯ ಚುಕ್ಕೆ ಹಾಕುವ ಪ್ರಸಂಗ ನನ್ನ ನಕ್ಷೆಗೆ ಬರಲಿಲ್ಲ. ಜೂನ್ ಮೊದಲ ವಾರ ಅಂಗಡಿ ಮುಂದಿನ ಮರಸೇಬಿನಲ್ಲಿ, ಕತ್ತರಿಸಿದ ಬುಡದಿಂದಲೇ ಒಂದು ಹೊಸ ಚಿಗುರು ಹೊರಟಿತು. ಗುರುಮಲ್ಲಪ್ಪನವರು ಪ್ರತಿ ಸೋಮವಾರ ಅಂಗಡಿ ತೆಗೆಯುವ ಮೊದಲು ಟೇಪು ಹಿಡಿದು ಅದನ್ನು ಅಳೆಯುತ್ತಾರೆ. ಈಗ ಅವರು ಸೆಂಟಿಮೀಟರಿನಲ್ಲೇ ಲೆಕ್ಕ ಇಡುತ್ತಾರೆ, ನನಗೆ ಅನುಕೂಲವಾಗಲೆಂದು.

ಜುಲೈ ಹತ್ತರಂದು ನಾನು ಆ ದಾರಿಯಲ್ಲಿ ಹೋಗುತ್ತ, "ಬಗ್ಗತ್ತಾ ನಿಮಗೆ?" ಎಂದು ಕೇಳಿದೆ.

"ಎಲ್ಲಿ ಬಗ್ಗತ್ತೆ, ಸೆಟೆದುಕೊಂಡು ನಿಂತಿದೆ ಕತ್ತೆ," ಎಂದು ಅವರು ಟೇಪಿನ ತುದಿಯನ್ನು ಚಿಗುರಿನ ಬುಡಕ್ಕೆ ಒತ್ತಿ ಹಿಡಿಯಲು ನನಗೆ ಕೊಟ್ಟು, ಇನ್ನೊಂದು ತುದಿಯನ್ನು ಮೇಲಕ್ಕೆ ಎಳೆದು, ಕನ್ನಡಕ ಏರಿಸಿಕೊಂಡು ಓದಿದರು. ನಲವತ್ತೊಂದು ಸೆಂಟಿಮೀಟರ್.